ಬಾಲ್ಯದ ಮನೆ ಕಂಪ್ಯೂಟರುಗಳು: ಕುವೈತಿನ ‘ಸಖ್ರ್’ ಮತ್ತು ಒತ್ತಕ್ಷರವಿಲ್ಲದ ಲೆಕ್ಕಪತ್ರ

ನೀರ್ಚಾಲಿನವ

ಕಳೆದ ವಾರ ಅಟ್ಟ ಖಾಲಿ ಮಾಡುವಾಗ, ಹಳೆಯ ಅಡಿಕೆ ಗೋಣಿಗಳ ಹಿಂದೆ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಟ್ಟಿದ್ದ ನಮ್ಮ ಹಳೆಯ ಕಂಪ್ಯೂಟರು ಸಿಕ್ಕಿತು. ಈಗಿನ ಮಕ್ಕಳ ಕಣ್ಣಿಗೆ ಅದು ಬರೀ ದಪ್ಪನೆಯ ಕೀಲಿಮಣೆಯಷ್ಟೇ, ಏಕೆಂದರೆ ಅದರ ಮಿದುಳು, ನೆನಪು, ಎಲ್ಲವೂ ಕೀಲಿಗಳ ಅಡಿಯಲ್ಲೇ ಅಡಗಿವೆ. ಪರದೆಯಾಗಿ ಮನೆಯ ಟಿ.ವಿ., ಸಂಗ್ರಹಕ್ಕೆ ಕ್ಯಾಸೆಟ್ ಟೇಪ್ ರೆಕಾರ್ಡರ್. ಪ್ರತಿ ಕೀಲಿಯ ಮೇಲೆ ಇಂಗ್ಲಿಷ್ ಅಕ್ಷರದ ಜೊತೆಗೆ ಒಂದು ಅರಬ್ಬಿ ಅಕ್ಷರವೂ ಇದೆ. ಈ ಯಂತ್ರದ ಹೆಸರು ‘ಸಖ್ರ್’, ಅರಬ್ಬಿಯಲ್ಲಿ ಹಾಗೆಂದರೆ ಬಂಡೆ. 1982ರಲ್ಲಿ ಕುವೈತಿನಲ್ಲಿ ಆರಂಭವಾದ ಅಲ್ ಆಲಮಿಯಾ ಎಂಬ ಕಂಪನಿ, ಜಪಾನಿನ ಎಮ್‌ಎಸ್‌ಎಕ್ಸ್ ಮಾದರಿಯ ಕಂಪ್ಯೂಟರುಗಳಿಗೆ ಅರಬ್ಬಿ ಬರೆಯುವ ಸೌಲಭ್ಯ ಸೇರಿಸಿ ಕೊಲ್ಲಿ ರಾಷ್ಟ್ರಗಳಲ್ಲಿ ಮಾರುತ್ತಿತ್ತು. ಎಮ್‌ಎಸ್‌ಎಕ್ಸ್ ಎನ್ನುವುದು ಒಂದು ಕಂಪನಿಯ ಯಂತ್ರವಲ್ಲ. 1983ರಲ್ಲಿ ಜಪಾನಿನಲ್ಲಿ ಪ್ರಕಟವಾದ ಆ ಮಾದರಿಯನ್ನು ಯಮಾಹಾ, ಸ್ಯಾನ್ಯೊ, ಸೋನಿಯಂಥ ಹಲವು ಕಂಪನಿಗಳು ಅನುಸರಿಸಿದವು. ಒಳಗೆ ಝಡ್80 ಎಂಬ ಚಿಪ್ಪು, ಪ್ರೋಗ್ರಾಮ್ ಬರೆಯುವ ಬೇಸಿಕ್ ಭಾಷೆ ಮೈಕ್ರೋಸಾಫ್ಟಿನದು.

ಇದು ನಮ್ಮ ಮನೆಗೆ ಬಂದದ್ದು ನೇರವಾಗಿ ಅಲ್ಲ. 1987ರಲ್ಲಿ, ನಾನು ಏಳನೆಯ ತರಗತಿಯಲ್ಲಿದ್ದಾಗ, ಕುವೈತಿನಲ್ಲಿ ಕೆಲಸಕ್ಕಿದ್ದ ನೆರೆಮನೆಯವರು ರಜೆಯಲ್ಲಿ ಬರುವಾಗ ತಮ್ಮ ಮಗನಿಗೆಂದು ತಂದರು. ಅವರನ್ನು ನಾವೆಲ್ಲರೂ ‘ಇಚ್ಚ’ ಎಂದೇ ಕರೆಯುತ್ತಿದ್ದೆವು. ಮಗನಿಗೆ ಆಗ ಮೂರು ವರ್ಷ, ಹಾಗಾಗಿ ಅದನ್ನು ನಡೆಸಿ ತೋರಿಸುವ ಹೊಣೆ ‘ಇಂಗ್ಲಿಷ್ ಓದಬಲ್ಲ ಹುಡುಗ’ ಎಂಬ ಕಾರಣಕ್ಕೆ ನನ್ನ ಮೇಲೆ ಬಿತ್ತು. ನನ್ನ ಇಂಗ್ಲಿಷ್ ಎಷ್ಟರಮಟ್ಟಿನದು ಎಂಬುದನ್ನು ಯಾರೂ ವಿಚಾರಿಸಲಿಲ್ಲ. ಚೌಕ ಕಡ್ಡಿಗಳ ಕುವೈತಿನ ಪ್ಲಗ್ಗನ್ನು ಕತ್ತರಿಸಿ ನಮ್ಮೂರಿನ ಪ್ಲಗ್ ಹಾಕಿಸಿದ್ದಾಯಿತು. ಯಂತ್ರದ ಚಿತ್ರ ಯುಎಚ್‌ಎಫ್ ಬ್ಯಾಂಡಿನಲ್ಲಿ ಬರುತ್ತಿದ್ದುದರಿಂದ, ಇಚ್ಚ ಕುವೈತಿನಿಂದಲೇ ತಂದ ಟಿ.ವಿ.ಯಲ್ಲಿ ಮಾತ್ರ ಕಾಣುತ್ತಿತ್ತು. ದೂರದರ್ಶನ ನೋಡಲೆಂದು ಊರಿನವರು ಕೊಂಡಿದ್ದ ಟಿ.ವಿ.ಗಳಲ್ಲಿ ಬರೀ ವಿಎಚ್‌ಎಫ್ ಇದ್ದಿತು.

ಆಟದ ಕಾರ್ಟ್ರಿಜ್ ಇದ್ದದ್ದು ಎರಡೇ. ಅವು ಒಂದು ತಿಂಗಳಲ್ಲಿ ಬೇಸರ ತರಿಸಿದವು. ಕಾರ್ಟ್ರಿಜ್ ಹಾಕದೆ ಬೇಸಿಕ್ ತೆರೆದರೆ ‘ಓಕೆ’ ಎಂಬ ಎರಡು ಅಕ್ಷರ ಬರೆದು, ಕೆಳಗೊಂದು ಬಿಳಿ ಚೌಕ ಇಟ್ಟು, ಯಂತ್ರ ಸುಮ್ಮನೆ ಕಾಯುತ್ತಿತ್ತು. ಏನಾದರೂ ಬರೆದು ಕೊಡದಿದ್ದರೆ ಸಂಜೆಯವರೆಗೂ ಹಾಗೆಯೇ ಕಾಯುವುದು ಅದರ ಸ್ವಭಾವ. ಇವತ್ತಿನ ಫೋನಾಗಲಿ ಲ್ಯಾಪ್‌ಟಾಪಾಗಲಿ ತೆರೆದ ಕೂಡಲೇ ನೋಡಲು ನೂರು ವಸ್ತುಗಳನ್ನು ಮುಂದಿಡುತ್ತವೆ. ಅಂದಿನ ಯಂತ್ರ ಒಂದನ್ನೂ ಇಡುತ್ತಿರಲಿಲ್ಲ. ನನಗೆ ಪ್ರೋಗ್ರಾಮ್ ಬರೆಯುವುದು ಬಂದದ್ದು ಆ ಬೇಸರದಿಂದಲೇ ಎಂದು ನಾನು ನಂಬಿದ್ದೇನೆ.

ಇನ್ನೊಂದು ಕಾರಣವೂ ಇತ್ತು. ಇಚ್ಚ ರಜೆ ಮುಗಿಸಿ ಹೋಗುವ ಮೊದಲು, ತಮ್ಮ ಹೆಸರನ್ನು ಅರಬ್ಬಿಯಲ್ಲಿ ಒತ್ತಿ ತೋರಿಸಿದರು. ಅಕ್ಷರಗಳು ಬಲದಿಂದ ಎಡಕ್ಕೆ ಒಂದಕ್ಕೊಂದು ತಾವಾಗಿಯೇ ಕೂಡಿಕೊಂಡವು. ಅದನ್ನು ಕಂಡ ಮೇಲೆ ನನಗೆ ನಿದ್ದೆ ಬರಲಿಲ್ಲ. ಈ ಪೆಟ್ಟಿಗೆಗೆ ಇಂಗ್ಲಿಷ್ ಬರುತ್ತದೆ, ಅರಬ್ಬಿ ಬರುತ್ತದೆ. ಹಾಗಿದ್ದರೆ ಕನ್ನಡ ಏಕೆ ಬರುವುದಿಲ್ಲ ಎಂಬ ಪ್ರಶ್ನೆ ಕಾಸರಗೋಡಿನ ಕನ್ನಡ ಶಾಲೆಯ ಹುಡುಗನೊಬ್ಬನಿಗೆ ಹುಟ್ಟಿದ್ದರೆ ಅದರಲ್ಲಿ ಅಚ್ಚರಿಯೇನಿಲ್ಲ. ನಮಗೆ ಬಸ್ಸಿನ ಬೋರ್ಡು ಓದುವಾಗಲೂ, ಕಚೇರಿಯ ಅರ್ಜಿ ತುಂಬುವಾಗಲೂ ಅದೇ ಪ್ರಶ್ನೆ.

ಕನ್ನಡ ಕಲಿಸಲು ಎರಡು ವರ್ಷ ಹಿಡಿಯಿತು, ಅದೂ ಅರ್ಧಂಬರ್ಧ. ಪರದೆಯ ಮೇಲಿನ ಪ್ರತಿ ಅಕ್ಷರ ಎಂಟು ಸಾಲು, ಎಂಟು ಕಂಬಗಳ ಚೌಕ. ಪ್ರತಿ ಸಾಲಿಗೂ ಒಂದು ಸಂಖ್ಯೆ. ಎಡತುದಿಯ ಚುಕ್ಕೆಗೆ 128, ಮುಂದಿನದಕ್ಕೆ 64, ಹೀಗೆ ಅರ್ಧವಾಗುತ್ತ ಬಲತುದಿಗೆ 1. ತಲೆಕಟ್ಟಿಗೆ ನಡುವಿನ ನಾಲ್ಕು ಚುಕ್ಕೆ ಬೇಕಿದ್ದರೆ 32, 16, 8, 4 ಕೂಡಿಸಿ 60 ಎಂದು ಬರೆಯಬೇಕು. ಇಂಥ ಎಂಟು ಸಂಖ್ಯೆಗಳನ್ನು ‘ವಿಪೋಕ್’ ಎಂಬ ಆಜ್ಞೆಯಿಂದ ಚಿತ್ರಸ್ಮೃತಿಯ ಸರಿಯಾದ ವಿಳಾಸಕ್ಕೆ ತುಂಬಿಸಿದರೆ ಇಂಗ್ಲಿಷಿನ ‘ಎ’ ಇದ್ದಲ್ಲಿ ನಮ್ಮ ‘ಅ’ ಮೂಡುತ್ತದೆ. ‘ಎ’ಯ ಸಂಕೇತ 65, ಅದರ ಎಂಟು ಪಟ್ಟು 520, ಆದ್ದರಿಂದ ‘ಸ್ಕ್ರೀನ್ 1’ ಎಂಬ ಮಾದರಿಯ ಪರದೆಯಲ್ಲಿ 520ರಿಂದ 527ರವರೆಗಿನ ಮನೆಗಳು ಅದಕ್ಕೆ ಮೀಸಲು. ಈ ಸಂಖ್ಯೆಗಳು ನನಗೆ ಇವತ್ತಿಗೂ ಬಾಯಿಪಾಠ.

ನಿಮ್ಮಲ್ಲಿ ಯಾರ ಮನೆಗಳಲ್ಲಿ ಇಂಥ ಯಂತ್ರಗಳಿದ್ದವು? ಕೊಲ್ಲಿಯಿಂದ ಬಂದವು ಬೇರೆ ಯಾವುವಾದರೂ ಇದ್ದವೇ? ನನ್ನ ಬಳಿ ಯಂತ್ರದ ಜೊತೆ ಒಂದು ಕ್ಯಾಸೆಟ್ಟೂ ಸಿಕ್ಕಿದೆ. ಅದರಲ್ಲಿ ನನ್ನ ಕನ್ನಡ ಲೆಕ್ಕಪತ್ರದ ಪ್ರೋಗ್ರಾಮ್ ಇರಬೇಕು, ಆದರೆ ಅದರ ತುಂಬ ಬೂಷ್ಟು ಹಿಡಿದಿದೆ.

ಹೊಸೂರು ಗಡಿ

ನಮ್ಮದು ತಮಿಳುನಾಡಿನ ಹೊಸೂರು. ತಂದೆಯವರಿಗೆ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಕೆಲಸ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಮತ್ತು ತೆಲುಗು. ಬೆಂಗಳೂರು ನಲವತ್ತು ಕಿಲೋಮೀಟರ್ ದೂರವಾದ್ದರಿಂದ ನಮ್ಮ ಕೊಲ್ಲಿ ರಾಷ್ಟ್ರವೆಂದರೆ ಅಲ್ಲಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್‌.ಪಿ. ರಸ್ತೆಯೇ.

ನಮ್ಮಲ್ಲಿದ್ದದ್ದು ಸ್ಪೆಕ್ಟ್ರಮ್ ಪ್ಲಸ್. ಬ್ರಿಟನ್ನಿನ ಸಿಂಕ್ಲೇರ್ ಕಂಪನಿ 1982ರಲ್ಲಿ ಹೊರತಂದ ರಬ್ಬರ್ ಕೀಲಿಗಳ ಯಂತ್ರದ ಸುಧಾರಿತ ರೂಪ ಇದು. ಭಾರತದಲ್ಲಿ ಡೆಸಿಬೆಲ್ಸ್ ಎಂಬ ಕಂಪನಿ ಪರವಾನಗಿ ಪಡೆದು ಇದನ್ನೇ ‘ಡಿಬಿ ಸ್ಪೆಕ್ಟ್ರಮ್’ ಎಂಬ ಹೆಸರಿನಲ್ಲಿ ಮಾರುತ್ತಿತ್ತು. ಒಟ್ಟು ನೆನಪು 48 ಕಿಲೋಬೈಟ್. ಇಂದು ವಾಟ್ಸಾಪಿನಲ್ಲಿ ಬರುವ ಒಂದು ಶುಭೋದಯದ ಚಿತ್ರ ಅದರಲ್ಲಿ ಹಿಡಿಯಲಾರದು.

ಸ್ಪೆಕ್ಟ್ರಮ್ ಬಳಸಿದವರಿಗೆ ಮಾತ್ರ ಅರ್ಥವಾಗುವ ವಿಚಿತ್ರ ಸಂಗತಿಯೊಂದಿದೆ. ಅದರಲ್ಲಿ ಆಜ್ಞೆಗಳನ್ನು ಅಕ್ಷರ ಅಕ್ಷರವಾಗಿ ಬರೆಯುವಂತಿರಲಿಲ್ಲ. ‘ಪಿ’ ಕೀಲಿ ಒತ್ತಿದರೆ ‘ಪ್ರಿಂಟ್’ ಎಂಬ ಇಡೀ ಪದ, ‘ಜೆ’ ಒತ್ತಿದರೆ ‘ಲೋಡ್’. ಸಂಖ್ಯೆಗಳು ಮತ್ತು ಚಿಹ್ನೆಗಳು ಸೇರಿ ಒಂದೊಂದು ಕೀಲಿಗೆ ನಾಲ್ಕೈದು ಕೆಲಸ. ಟೈಪಿಂಗ್ ಕಲಿತ ನನ್ನ ಅಕ್ಕನಿಗೆ ಇದು ಹುಚ್ಚಾಟವಾಗಿ ಕಾಣುತ್ತಿತ್ತು. ಟೈಪಿಂಗ್ ಬಾರದ ನನಗೆ ಮಾತ್ರ ಅನುಕೂಲವಾಯಿತು. ಕ್ಯಾಸೆಟ್ಟಿನಿಂದ ಆಟ ಓದುವಾಗ ಪರದೆಯ ಅಂಚಿನಲ್ಲಿ ಮೊದಲು ಕೆಂಪು ಮತ್ತು ತಿಳಿನೀಲಿ ದಪ್ಪ ಪಟ್ಟೆಗಳು, ನಂತರ ನೀಲಿ ಮತ್ತು ಹಳದಿಯ ಸಣ್ಣ ಪಟ್ಟೆಗಳು ಓಡುತ್ತಿದ್ದವು. ಐದು ನಿಮಿಷ ಉಸಿರು ಬಿಗಿಹಿಡಿದು ಕುಳಿತ ಮೇಲೆ ‘ಟೇಪ್ ಲೋಡಿಂಗ್ ಎರರ್’ ಎಂದು ಬಂದರೆ ಆಗುವ ಸಂಕಟವನ್ನು ನನ್ನ ಮಕ್ಕಳಿಗೆ ವಿವರಿಸಲು ಹೋಗಿ ಸೋತಿದ್ದೇನೆ.

ನೀರ್ಚಾಲಿನವರೇ, ನಾನೂ ಕನ್ನಡಕ್ಕೆ ಕೈಹಾಕಿದ್ದೆ. ಆದರೆ ಸ್ಪೆಕ್ಟ್ರಮ್ಮಿನಲ್ಲಿ ನಾವೇ ಬಿಡಿಸಿಕೊಳ್ಳಲು ಸುಲಭವಾಗಿ ಸಿಗುತ್ತಿದ್ದ ಅಕ್ಷರಗಳು 21 ಮಾತ್ರ. ನನ್ನ ಹೆಸರು, ತಂಗಿಯ ಹೆಸರು ಮತ್ತು ‘ನಮಸ್ಕಾರ’ ಬರೆಯುವಷ್ಟರಲ್ಲಿ ಬಹುಪಾಲು ಮುಗಿಯಿತು. ‘ಸ್ಕಾ’ ಎಂಬುದರಲ್ಲಿ ‘ಕ’ ಒತ್ತನ್ನು ಎಲ್ಲಿಡಬೇಕೆಂದು ತಿಳಿಯದೆ ಕೆಳಗಿನ ಸಾಲಿನಲ್ಲಿ ಇಟ್ಟೆ. ಮುಂದಿನ ಸಾಲು ಬರೆದಾಗ ಅದು ಅಳಿಸಿಹೋಯಿತು. ನಿಮ್ಮ ಲೆಕ್ಕಪತ್ರದಲ್ಲಿ ಒತ್ತಕ್ಷರಗಳನ್ನು ಏನು ಮಾಡಿದಿರಿ?

ಹೊಸಂಗಡಿಯವಳು

ಇಬ್ಬರ ಬರಹವನ್ನೂ ಸಂತೋಷದಿಂದ ಓದಿದೆ, ಆದರೆ ಒಂದು ತಕರಾರಿದೆ. ‘ಬಾಲ್ಯದ ಮನೆ ಕಂಪ್ಯೂಟರು’ ಎಂದು ಹೇಳುವಾಗ ಯಾರ ಬಾಲ್ಯ, ಯಾರ ಮನೆ ಎಂಬುದನ್ನೂ ಕೇಳಬೇಕಲ್ಲವೇ? ನಮ್ಮ ಬೀದಿಯಲ್ಲಿಯೂ ದುಬೈಯಿಂದ ಬಂದ ಒಂದು ಯಂತ್ರವಿತ್ತು. ಅದರ ಮುಂದೆ ನಾಲ್ಕು ಹುಡುಗರು ಚಾಪೆ ಹಾಸಿ ಕುಳಿತಿರುತ್ತಿದ್ದರು, ನಾನು ಮತ್ತು ನನ್ನ ತಂಗಿ ಬಾಗಿಲಿನ ಬಳಿ ನಿಂತಿರುತ್ತಿದ್ದೆವು. ಕೀಲಿ ಮುಟ್ಟಬಾರದೆಂದು ಯಾರೂ ಹೇಳಿರಲಿಲ್ಲ, ನಿಜ. ಮುಟ್ಟು ಎಂದೂ ಯಾರೂ ಹೇಳಲಿಲ್ಲ. ಯಂತ್ರ ಖಾಲಿ ಪರದೆ ತೋರಿಸಿ ಕಾಯುತ್ತಿತ್ತು ಎಂದು ನೀವು ಬರೆದಿದ್ದೀರಿ. ಅದು ಕಾಯುತ್ತಿದ್ದದ್ದು ಚಾಪೆಯ ಮೇಲಿದ್ದವರಿಗಾಗಿ.

ನಾನು ಕೀಲಿ ಮುಟ್ಟಿದ್ದು 1992ರಲ್ಲಿ, ಪಿಯುಸಿ ಮುಗಿದ ಮೇಲೆ, ಮಂಗಳೂರಿನ ಒಂದು ತರಬೇತಿ ಕೇಂದ್ರದಲ್ಲಿ. ಹೊಸಂಗಡಿಯಿಂದ ತಲಪಾಡಿ ದಾಟಿ ಬಸ್ಸಿನಲ್ಲಿ ಹೋಗಿ, ಸ್ಟೇಟ್ ಬ್ಯಾಂಕಿನ ಬಳಿ ಇಳಿದು, ಹಂಪನಕಟ್ಟೆಯವರೆಗೆ ನಡೆಯಬೇಕು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದರೆ ಹವಾನಿಯಂತ್ರಿತ ಕೋಣೆ. ದೇವಸ್ಥಾನದಲ್ಲಿಯೂ ಅಷ್ಟು ಭಯಭಕ್ತಿ ಇರಲಿಲ್ಲ. ಪಿಸಿ-ಎಕ್ಸ್‌ಟಿ ಯಂತ್ರಗಳು, ಹಾರ್ಡ್ ಡಿಸ್ಕ್ ಇಲ್ಲ, ಎರಡು ಫ್ಲಾಪಿ ಡ್ರೈವ್. ಮೊದಲು ಯಂತ್ರ ನಡೆಸುವ ಡಾಸ್ ಇದ್ದ ಫ್ಲಾಪಿ ಹಾಕಬೇಕು, ಆಮೇಲೆ ಅದನ್ನು ತೆಗೆದು ಬರಹಕ್ಕೆ ಬೇಕಾದ ವರ್ಡ್‌ಸ್ಟಾರ್ ಇದ್ದದ್ದನ್ನು. ಒಂದು ಫ್ಲಾಪಿಯಲ್ಲಿ 360 ಕಿಲೋಬೈಟ್. ವಾರಕ್ಕೆ ಮೂರು ಗಂಟೆ ಎಂದು ಶುಲ್ಕ ಪಡೆದವರು, ಒಂದು ಯಂತ್ರಕ್ಕೆ ಮೂವರನ್ನು ಕೂರಿಸಿ ಒಂದೊಂದೇ ಗಂಟೆ ಕೊಟ್ಟರು. ಫ್ಲಾಪಿಯನ್ನು ಅವರಲ್ಲಿಯೇ, ಅವರು ಹೇಳಿದ ಬೆಲೆಗೇ ಕೊಳ್ಳಬೇಕಾಗಿತ್ತು.

1993ರ ಜನವರಿ 5ರಂದು ನಡೆದದ್ದನ್ನು ಮಾತ್ರ ನಗುತ್ತ ನೆನೆಯುತ್ತೇನೆ. ಆ ದಿನ ಹೊಸದಾಗಿ ಬಂದಿದ್ದ ಎಟಿ ಯಂತ್ರ ಇದ್ದಕ್ಕಿದ್ದಂತೆ ನಿಂತು, ‘ಹ್ಯಾಪಿ ಬರ್ತ್‌ಡೇ ಜೋಶಿ’ ಎಂದು ಟೈಪ್ ಮಾಡು ಎಂದು ಆಜ್ಞಾಪಿಸಿತು. ಕೇಂದ್ರದಲ್ಲಿ ಆ ಹೆಸರಿನ ಹುಡುಗನೊಬ್ಬನಿದ್ದ. ಪಾಪ, ಅವನು ಎಷ್ಟು ಆಣೆ ಹಾಕಿದರೂ ಬೋಧಕರು ನಂಬಲಿಲ್ಲ, ಎರಡು ದಿನ ತರಗತಿಯಿಂದ ಹೊರಗಿಟ್ಟರು. 1990ರಲ್ಲಿ ಭಾರತದಲ್ಲಿ ಪತ್ತೆಯಾದ ಜೋಶಿ ವೈರಸ್ಸಿನ ಕೆಲಸವದು. ಪ್ರತಿವರ್ಷ ಆ ದಿನಾಂಕದಂದು ಎದ್ದು ಕುಳಿತು, ಕೇಳಿದ್ದನ್ನು ಬರೆದುಕೊಟ್ಟರೆ ಸುಮ್ಮನಾಗುತ್ತಿತ್ತು. ಫ್ಲಾಪಿಯಿಂದ ಫ್ಲಾಪಿಗೆ ಹರಡುತ್ತಿದ್ದ ಅದನ್ನು ತಂದವರು ಯಾರೆಂದು ಕೊನೆಗೂ ತಿಳಿಯಲಿಲ್ಲ.

ನೀರ್ಚಾಲಿನ ಅಣ್ಣನವರಿಗೆ ಒಂದು ಪ್ರಶ್ನೆ: ಯಂತ್ರ ಇದ್ದದ್ದು ಇಚ್ಚನವರ ಮನೆಯಲ್ಲಿ, ಅವರಿದ್ದದ್ದು ಕುವೈತಿನಲ್ಲಿ. ಹಾಗಾದರೆ ಆ ಮನೆಯಾಕೆ ಅದನ್ನು ಮುಟ್ಟಿದ್ದರೇ?

ನೀರ್ಚಾಲಿನವ

ಅಕ್ಕ, ನಿಮ್ಮ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಉತ್ತರ ಬರೆಯಲಾಗಲಿಲ್ಲ. ಇಚ್ಚನ ಹೆಂಡತಿಯನ್ನು ನಾವು ‘ಇತ್ತಾತ’ ಎನ್ನುತ್ತಿದ್ದೆವು. ಅವರು ಕೀಲಿ ಮುಟ್ಟಿದ್ದನ್ನು ನಾನು ಕಂಡಿಲ್ಲ. ಆದರೆ ಟೇಪ್ ರೆಕಾರ್ಡರ್ ಪೂರ್ತಿ ಅವರ ಕೈಯಲ್ಲಿತ್ತು. ಇಚ್ಚ ಕಳುಹಿಸುತ್ತಿದ್ದ ಮಾತಿನ ಕ್ಯಾಸೆಟ್ಟುಗಳನ್ನು ಕೇಳಲು ಇದ್ದ, ರೇಡಿಯೋ ಮತ್ತು ಟೇಪ್ ಎರಡೂ ಸೇರಿದ ‘ಟೂ ಇನ್ ವನ್’ ಅದು. ನಮಗೆ ಸಿಗುತ್ತಿದ್ದದ್ದು ಅವರ ಕೆಲಸ ಮುಗಿದ ಮೇಲೆ. ಕ್ಯಾಸೆಟ್ಟಿನಲ್ಲಿರುವ ಪ್ರೋಗ್ರಾಮ್ ಎಂದರೆ ಬರೀ ಶಬ್ದ: ಸೊನ್ನೆಗೆ 1200 ಹರ್ಟ್ಸಿನ ಒಂದು ಅಲೆ, ಒಂದಕ್ಕೆ 2400 ಹರ್ಟ್ಸಿನ ಎರಡು ಅಲೆ. 16 ಕಿಲೋಬೈಟ್ ಓದಲು ಎರಡೂವರೆ ನಿಮಿಷ. ಶಬ್ದ ಹೆಚ್ಚಾದರೂ ಕಡಿಮೆಯಾದರೂ ಯಂತ್ರ ‘ಡಿವೈಸ್ ಐ ಓ ಎರರ್’ ಎನ್ನುತ್ತಿತ್ತು. ಸರಿಯಾದ ಮಟ್ಟವನ್ನು ಕಂಡುಹಿಡಿದದ್ದು ಇತ್ತಾತ. ಗುಂಡಿಯ ಮೇಲೆ ಉಗುರುಬಣ್ಣದಿಂದ ಕೆಂಪು ಬೊಟ್ಟೊಂದನ್ನು ಇಟ್ಟು, ಇದನ್ನು ಏಳಕ್ಕೆ ನೇರವಾಗಿ ತಿರುಗಿಸು ಎಂದು ಹೇಳಿದ್ದರು. ಅಡುಗೆಮನೆಯಲ್ಲಿ ಕೆಲಸ ಮಾಡುತ್ತಲೇ ಕೀರಲು ಸದ್ದು ಕೇಳಿ, ‘ಇದು ಬರುವುದಿಲ್ಲ, ಮೊದಲಿನಿಂದ ಹಾಕು’ ಎನ್ನುತ್ತಿದ್ದರು. ಅವರು ಹಾಗೆಂದ ಮೇಲೆ ಒಮ್ಮೆಯೂ ಬಂದದ್ದಿಲ್ಲ. ಈ ಕಥೆಯನ್ನು ನಾನು ಎಷ್ಟೋ ಸಲ ಹೇಳಿದ್ದೇನೆ, ಈ ಭಾಗವನ್ನು ಸೇರಿಸಿರಲಿಲ್ಲ.

1990ರ ಆಗಸ್ಟ್ 2ರಂದು ಇರಾಕ್ ಕುವೈತಿಗೆ ನುಗ್ಗಿತು. ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಜೋರ್ಡಾನಿನ ಅಮ್ಮಾನಿನಿಂದ ವಿಮಾನಗಳಲ್ಲಿ ಕರೆತಂದ ದಿನಗಳವು. ಇಚ್ಚ ಒಂದು ಕೈಚೀಲದೊಂದಿಗೆ ಮುಂಬಯಿಗೆ ಬಂದು, ಅಲ್ಲಿಂದ ಊರು ಸೇರಿದರು. ಟಿ.ವಿ., ವಿಸಿಆರ್ ಎರಡನ್ನೂ ಮಾರಿದರು. ಕಂಪ್ಯೂಟರನ್ನು ಕೇಳುವವರೇ ಇರಲಿಲ್ಲ. ಕೊನೆಗೆ ನಮ್ಮ ತಂದೆ, ಯಂತ್ರದ ಮೇಲಿನ ಆಸೆಯಿಂದಲ್ಲ, ಇಚ್ಚನಿಗೆ ಸುಮ್ಮನೆ ಹಣ ಕೊಟ್ಟರೆ ತೆಗೆದುಕೊಳ್ಳುವುದಿಲ್ಲವೆಂದು ತಿಳಿದು, ಅಡಿಕೆ ಮಾರಿದ ದುಡ್ಡಿನಲ್ಲಿ ಅದನ್ನು ಕೊಂಡರು. ಅದನ್ನು ಮಾಡಿದ ಕಂಪನಿಯೂ ಯುದ್ಧದ ನಂತರ ಈಜಿಪ್ಟಿಗೆ ಹೋಯಿತು.

ಹೊಸೂರಿನವರ ಪ್ರಶ್ನೆಗೆ ಉತ್ತರ: ಒತ್ತಕ್ಷರಗಳನ್ನು ಏನೂ ಮಾಡಲಾಗಲಿಲ್ಲ, ಒತ್ತಕ್ಷರವಿರುವ ಪದಗಳನ್ನೇ ಬಿಟ್ಟೆ. ಕೊಂಡ ಯಂತ್ರ ಉಪಯೋಗಕ್ಕೆ ಬರುತ್ತದೆಂದು ತೋರಿಸಲು ತೋಟದ ಲೆಕ್ಕ ಬರೆಯುವ ಪ್ರೋಗ್ರಾಮ್ ಮಾಡಹೊರಟಿದ್ದೆ. ‘ಲೆಕ್ಕ’ ಎಂದು ಬರೆಯುವಂತಿಲ್ಲ. ‘ಖರ್ಚು’ ಆಗದು, ‘ಗೊಬ್ಬರ’ ಆಗದು, ‘ಮೈಲುತುತ್ತು’ ಆಗದು, ‘ಸುಣ್ಣ’ವೂ ಆಗದು. ಕೊನೆಯ ಸಾಲಿಗೆ ‘ಒಟ್ಟು’ ಬೇಕು, ಅದಾಗದಿದ್ದರೆ ‘ಮೊತ್ತ’, ಎರಡರಲ್ಲಿಯೂ ಒತ್ತು. ಕನ್ನಡಿಗರು ಹಣದ ಮಾತೆತ್ತಿದರೆ ಒತ್ತಿ ಹೇಳದೆ ಇರಲಾರರು ಎಂದು ಕಾಣುತ್ತದೆ. ಹುಡುಕಿ ಹುಡುಕಿ ಯಂತ್ರಕ್ಕೆ ಒಗ್ಗುವ ಪದಗಳೆಂದು ಉಳಿದವು ಅಡಿಕೆ, ತೆಂಗು, ಕಾಳುಮೆಣಸು, ಕೂಲಿ, ಸಾಲ, ಬಾಕಿ. ‘ಒಟ್ಟು’ ಎನ್ನುವಲ್ಲಿ ‘ಬಾಕಿ’ ಎಂದು ಹಾಕಿ ತಂದೆಯವರಿಗೆ ತೋರಿಸಿದೆ. ಅವರು ಪರದೆಯನ್ನು ಬಹಳ ಹೊತ್ತು ನೋಡಿ, “ಒಟ್ಟು ಎಂದರೆ ಒಟ್ಟು, ಬಾಕಿ ಎಂದರೆ ಬಾಕಿ. ಎರಡೂ ಒಂದೇ ಎನ್ನುವ ಲೆಕ್ಕದವನನ್ನು ನಾನು ಇಟ್ಟುಕೊಳ್ಳುವುದಿಲ್ಲ” ಎಂದು ಹೇಳಿ, ತಮ್ಮ ಹಳೆಯ ಲೆಕ್ಕದ ಪುಸ್ತಕಕ್ಕೇ ಮರಳಿದರು.

ಅಕ್ಕಲಕೋಟೆ

ನಮ್ಮ ಕಡೆ ಇಷ್ಟೆಲ್ಲ ಇರಲಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಸೋಲಾಪುರದ ಅಂಗಡಿಯಿಂದ ಕೀಲಿಮಣೆಯಿದ್ದ ಟಿ.ವಿ. ಗೇಮನ್ನು ತಂದಿದ್ದೆವು, ಪೆಟ್ಟಿಗೆಯ ಮೇಲೆ ‘ಕಂಪ್ಯೂಟರ್’ ಎಂದು ದೊಡ್ಡದಾಗಿ ಬರೆದಿತ್ತು, ಆದ್ದರಿಂದ ಅಪ್ಪ ಒಪ್ಪಿದರು. ಅದರಲ್ಲಿಯೂ ಒಂದು ಪುಟ್ಟ ಬೇಸಿಕ್ ಇತ್ತು, ಆದರೆ ಬರೆದದ್ದನ್ನು ಉಳಿಸುವ ದಾರಿ ನಮಗೆ ಗೊತ್ತಿರಲಿಲ್ಲ. ಹಗಲೆಲ್ಲ ಬರೆದದ್ದು ಸಂಜೆ ಕರೆಂಟು ಹೋದೊಡನೆ ಹೋಗುತ್ತಿತ್ತು. ಮಾರನೆಯ ದಿನ ನೋಟುಪುಸ್ತಕ ನೋಡಿ ಮತ್ತೆ ಬರೆಯುತ್ತಿದ್ದೆ. ಆ ನೋಟುಪುಸ್ತಕ ಈಗಲೂ ಇದೆ, ಯಂತ್ರವಿಲ್ಲ.

ಮುಳ್ಳೇರಿಯದ ನಿವೃತ್ತ ಮಾಸ್ಟ್ರು

ನೀರ್ಚಾಲಿನವರು ಹದಿಹರೆಯದಲ್ಲಿ ಎದುರಿಸಿದ ತೊಡಕು ಅವರ ಜಾಣತನದ ಕೊರತೆಯಿಂದ ಆದದ್ದಲ್ಲವೆಂದು ತಿಳಿಸಬೇಕೆನಿಸಿತು. ಅರಬ್ಬಿ ಅಕ್ಷರಕ್ಕೆ ಪದದ ಮೊದಲು, ನಡುವೆ, ಕೊನೆಯಲ್ಲಿ ಮತ್ತು ಒಂಟಿಯಾಗಿ ಬರುವಾಗ ಬೇರೆ ಬೇರೆ ರೂಪಗಳಿರುತ್ತವೆ, ಆದರೆ ಅವೆಲ್ಲ ಒಂದೇ ಸಾಲಿನಲ್ಲಿ ಪಕ್ಕಪಕ್ಕಕ್ಕೆ ಕೂಡಿಕೊಳ್ಳುತ್ತವೆ. ಅಕ್ಕಪಕ್ಕದ ಅಕ್ಷರ ನೋಡಿ ಸರಿಯಾದ ರೂಪವನ್ನು ಆರಿಸಿದರೆ ಎಂಟು ಚುಕ್ಕೆಯ ಚೌಕದಲ್ಲಿಯೂ ಕೆಲಸ ನಡೆಯುತ್ತದೆ. ಕನ್ನಡದ ಒತ್ತು ಕೆಳಗೆ ಇಳಿಯುತ್ತದೆ, ಗುಣಿತದ ಚಿಹ್ನೆ ಮೇಲೋ ಪಕ್ಕಕ್ಕೋ ಅಂಟುತ್ತದೆ. 34 ವ್ಯಂಜನಗಳಿಗೆ ಹನ್ನೆರಡು ಗುಣಿತ ಎಂದು ಹಿಡಿದರೂ 408 ರೂಪಗಳಾದವು, ಒತ್ತುಗಳು ಬೇರೆ. ಎಮ್‌ಎಸ್‌ಎಕ್ಸಿನಲ್ಲಿದ್ದದ್ದು ಒಟ್ಟು 256 ಸ್ಥಾನ. ಒಂದು ಅಕ್ಷರಕ್ಕೆ ಒಂದು ಚೌಕ ಎಂಬ ಲೆಕ್ಕವೇ ನಮ್ಮ ಲಿಪಿಗೆ ಹೊಂದುವುದಿಲ್ಲ.

ಪರಿಹಾರ ಬಂದದ್ದು, ನೆನಪಿನಲ್ಲಿ ಇಡುವುದು ಬೇರೆ, ಪರದೆಯ ಮೇಲೆ ಬರೆಯುವುದು ಬೇರೆ ಎಂದು ಎರಡನ್ನೂ ಬಿಡಿಸಿಕೊಂಡಾಗ. ‘ಕ್ಕ’ ಎಂಬುದನ್ನು ಒಳಗೆ ‘ಕ’, ಹಲಂತ (ಸ್ವರವಿಲ್ಲವೆಂಬ ಗುರುತು), ‘ಕ’ ಎಂದು ಇಟ್ಟು, ತೋರಿಸುವಾಗ ಮಾತ್ರ ಒತ್ತಾಗಿ ಬರೆಯುವುದು. ಕಾನ್ಪುರದ ಐಐಟಿಯಲ್ಲಿ ಆರಂಭವಾಗಿ ಪುಣೆಯ ಸರ್ಕಾರಿ ಸಂಶೋಧನಾ ಕೇಂದ್ರ ಸಿ-ಡ್ಯಾಕ್‌ನಲ್ಲಿ ಬೆಳೆದ ‘ಜಿಸ್ಟ್’ ತಂತ್ರಜ್ಞಾನ ಪಿಸಿಯೊಳಗೆ ಸಿಕ್ಕಿಸುವ ಕಾರ್ಡಿನ ರೂಪದಲ್ಲಿ ಇದನ್ನು ಮಾಡಿ ತೋರಿಸಿತು. 1991ರಲ್ಲಿ ಭಾರತದ ಲಿಪಿಗಳಿಗೆಂದು ಮಾಡಿದ ಇಸ್ಕಿ ಸಂಕೇತಕ್ಕೆ ಭಾರತೀಯ ಮಾನಕದ ಮನ್ನಣೆ ದೊರೆಯಿತು, ಅದೇ ವರ್ಷ ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತವಾದ ಯುನಿಕೋಡಿನ ಮೊದಲ ಆವೃತ್ತಿಯಲ್ಲಿ ಕನ್ನಡವೂ ಸೇರಿತು. ನಮ್ಮ ತುಳುನಾಡಿನವರೇ ಆದ, ಕಿನ್ನಿಕಂಬಳದ ಕೆ. ಪಿ. ರಾವ್ ಅವರು ಇಂಗ್ಲಿಷ್ ಕೀಲಿಮಣೆಯ 26 ಕೀಲಿಗಳಲ್ಲಿಯೇ ಕನ್ನಡ ಬರೆಯುವ ವಿನ್ಯಾಸವನ್ನು ರೂಪಿಸಿ, ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟರು. ಇಂದು ನಮ್ಮಲ್ಲಿ ಹಲವರು ಬಳಸುವ ವಿನ್ಯಾಸದ ಮೂಲ ಅದೇ.

ಆದರೆ ‘ಅಂದಿನ ಯಂತ್ರ ನಮ್ಮನ್ನು ಪ್ರೋಗ್ರಾಮರರನ್ನಾಗಿ ಮಾಡಿತು, ಇಂದಿನದು ಮಾಡುವುದಿಲ್ಲ’ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. 1984ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಎಂಬ ಯೋಜನೆಯಡಿ ಶಾಲೆಗಳಿಗೆ ಬ್ರಿಟನ್ನಿನ ಬಿಬಿಸಿ ಮೈಕ್ರೋ ಕಂಪ್ಯೂಟರುಗಳನ್ನು ಕೊಡಲಾರಂಭಿಸಿತು. ಅವೂ ತೆರೆದೊಡನೆ ಬೇಸಿಕ್ ತೋರಿಸುತ್ತಿದ್ದವು. ನಾನು ಕಂಡ ಶಾಲೆಯೊಂದರಲ್ಲಿ ಅವುಗಳಿಗೆ ಹೊಲಿಸಿದ ಬಟ್ಟೆಯ ಕವಚ, ಕೋಣೆಗೆ ಬೀಗ, ಬೀಗದ ಕೈ ಮುಖ್ಯೋಪಾಧ್ಯಾಯರ ಜೇಬಿನಲ್ಲಿ. ಯಾವ ಪ್ರೋಗ್ರಾಮರನೂ ಅಲ್ಲಿಂದ ಹೊರಬರಲಿಲ್ಲ. ಹೊಸಂಗಡಿಯ ತಂಗಿ ಹೇಳಿದ ಚಾಪೆಯೂ ಈ ಬೀಗವೂ ಒಂದೇ ಜಾತಿಯವು.

2001ರಲ್ಲಿ ಕೇರಳ ಸರ್ಕಾರದ ಐಟಿ ಅಟ್ ಸ್ಕೂಲ್ ಯೋಜನೆ ಆರಂಭವಾದ ಮೇಲೆ, ಬೀಗ ತೆಗೆಸಲು ಕೆಲವು ವರ್ಷ ನಾನೂ ಜಗಳವಾಡಿದ್ದೇನೆ. ಮುಂದೆ ಶಾಲೆಗಳೆಲ್ಲ ಲಿನಕ್ಸ್ ಎಂಬ ಮುಕ್ತ ತಂತ್ರಾಂಶಕ್ಕೆ ಬದಲಾದಾಗ ಕನ್ನಡ ಮಾಧ್ಯಮದ ಮಕ್ಕಳಿಗೆ ಒಂದು ಲಾಭವಾಯಿತು: ಕನ್ನಡ ಅಕ್ಷರಕ್ಕಾಗಿ ಬೇರೆ ತಂತ್ರಾಂಶ ಕೊಳ್ಳಬೇಕಾಗಲಿಲ್ಲ. ಬಿಬಿಸಿ ಮೈಕ್ರೋ ಬಳಸಿ ಬೆಳೆದ ಎಬೆನ್ ಅಪ್ಟನ್ ಎಂಬವರು, ಈಗಿನ ಮಕ್ಕಳಿಗೆ ಅಂಥದ್ದೊಂದು ಬೇಕೆಂದು 2012ರಲ್ಲಿ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರನ್ನು ಹೊರತಂದರು, ಬಿಬಿಸಿಯ ಗೌರವಕ್ಕೆ ಅದನ್ನೂ ‘ಮಾಡೆಲ್ ಎ’, ‘ಮಾಡೆಲ್ ಬಿ’ ಎಂದೇ ಕರೆದರು. ನಮ್ಮ ಊರಿನ ಮಕ್ಕಳು ಈಗ ಶಾಲೆಯ ಲಿಟಲ್ ಕೈಟ್ಸ್ ಕೂಟದಲ್ಲಿ ಪ್ರೋಗ್ರಾಮ್ ಬರೆಯುವುದನ್ನು ನೋಡಿದರೆ, ನೆನಪಿನ ಮೋಹದಲ್ಲಿ ಅವರನ್ನು ಹಗುರವಾಗಿ ಕಾಣುವುದು ಸರಿಯಲ್ಲ ಎನಿಸುತ್ತದೆ.

ಕುಂಬಳೆಯ ರಿಪೇರಿಯವ

ಚರ್ಚೆ ಎಲ್ಲಿಗೋ ಹೋಯಿತು, ಕ್ಯಾಸೆಟ್ಟಿನ ಬೂಷ್ಟಿನ ಬಗ್ಗೆ ಯಾರೂ ಹೇಳಲಿಲ್ಲ. ನೀರ್ಚಾಲಿನವರೇ, ದಯವಿಟ್ಟು ಅದನ್ನು ಹಾಗೆಯೇ ಹಾಕಿ ಓಡಿಸಬೇಡಿ. ನಮ್ಮ ಕಡೆಯ ಮಳೆಗಾಲ ಕಂಡ ಕ್ಯಾಸೆಟ್ಟುಗಳಲ್ಲಿ ಟೇಪಿನ ಸುತ್ತುಗಳು ಒಂದಕ್ಕೊಂದು ಅಂಟಿರುತ್ತವೆ, ಮೋಟಾರು ಎಳೆದರೆ ಹರಿಯುತ್ತವೆ. ಮೊದಲು ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಿ, ಆ ಧೂಳು ಎದೆಗೆ ಒಳ್ಳೆಯದಲ್ಲ. ಕ್ಯಾಸೆಟ್ಟಿನ ಚಿಪ್ಪಿಗೆ ಸ್ಕ್ರೂ ಇದ್ದರೆ ಬಿಚ್ಚಿ, ಸುರುಳಿಯ ಅಂಚನ್ನು ಒಣಬಟ್ಟೆಯಿಂದ ಒರೆಸಿ, ಬೇರೆ ಒಳ್ಳೆಯ ಚಿಪ್ಪಿಗೆ ಹಾಕಿ. ನಂತರ ಪೆನ್ಸಿಲ್ ಸಿಕ್ಕಿಸಿ ಕೈಯಿಂದಲೇ ಆ ತುದಿಯಿಂದ ಈ ತುದಿಗೆ ಎರಡು ಸಲ ಸುತ್ತಿ. ನಡುವಿನ ಸಣ್ಣ ಸ್ಪಂಜಿನ ಪ್ಯಾಡ್ ಉದುರಿದ್ದರೆ ಬೇರೆ ಅಂಟಿಸಬೇಕು, ಅದಿಲ್ಲದೆ ಟೇಪು ಹೆಡ್ಡಿಗೆ ಒತ್ತುವುದಿಲ್ಲ.

ಹೆಡ್ಡನ್ನು ಪ್ರತಿ ಸಲ ಸ್ಪಿರಿಟಿನಿಂದ ಒರೆಸಿ. ಹೆಡ್ಡಿನ ಪಕ್ಕದಲ್ಲಿ ಸ್ಪ್ರಿಂಗ್ ಇರುವ ಒಂದು ಸ್ಕ್ರೂ ಕಾಣುತ್ತದೆ. ಅದನ್ನು ಕೂದಲೆಳೆಯಷ್ಟು ತಿರುಗಿಸುತ್ತ, ಶಬ್ದ ಅತ್ಯಂತ ತೀಕ್ಷ್ಣವಾಗಿ ಕೇಳುವಲ್ಲಿ ನಿಲ್ಲಿಸಿ. ಹಾಡು ಕೇಳಲು ಸ್ವಲ್ಪ ಓರೆಯಾಗಿದ್ದರೂ ನಡೆಯುತ್ತದೆ, ಕಂಪ್ಯೂಟರಿನ ಸದ್ದಿಗೆ ನಡೆಯುವುದಿಲ್ಲ. ಸಾಧ್ಯವಾದರೆ ಅಂದು ರೆಕಾರ್ಡ್ ಮಾಡಿದ ಯಂತ್ರದಲ್ಲಿಯೇ ಓಡಿಸಿ, ಅದರ ಓರೆ ಇದರ ಓರೆಗೆ ಹೊಂದುತ್ತದೆ. ನೇರವಾಗಿ ಹಳೆಯ ಕಂಪ್ಯೂಟರಿಗೆ ಕೊಡುವ ಬದಲು ಲ್ಯಾಪ್‌ಟಾಪಿಗೆ ರೆಕಾರ್ಡ್ ಮಾಡಿಕೊಳ್ಳಿ. ಟೇಪು ಎಷ್ಟು ಸಲ ಓಡುತ್ತದೋ ಹೇಳಲಾಗದು.

ಕಂಪ್ಯೂಟರಿಗೆ ಈಗಲೇ ಕರೆಂಟು ಕೊಡಬೇಡಿ. ಮೂವತ್ತು ವರ್ಷ ದಾಟಿದ ಕೆಪಾಸಿಟರುಗಳನ್ನು ನಂಬುವಂತಿಲ್ಲ, ತಂದುಕೊಡಿ. ಅಂದಹಾಗೆ, 1990ರಲ್ಲಿ ನಿಮ್ಮ ಮನೆಯ ವಿಎಚ್‌ಎಫ್ ಟಿ.ವಿ.ಯಲ್ಲಿ ಇದನ್ನು ಹೇಗೆ ನೋಡಿದಿರಿ? ಹಿಂದಿನಿಂದ ನೇರವಾಗಿ ವಿಡಿಯೋ ತಂತಿ ಎಳೆದು ಕೊಟ್ಟವರು ಯಾರಾದರೂ ಇದ್ದರೆ, ಅವರು ನನಗೆ ಕೆಲಸ ಕಲಿಸಿದ ಗುರುಗಳೇ ಇರಬೇಕು. ಚಾಸಿಯಲ್ಲಿ, ಎಂದರೆ ಒಳಗಿನ ಲೋಹದ ಚೌಕಟ್ಟಿನಲ್ಲಿ, ಕರೆಂಟು ಇರುವ ಸೆಟ್ಟುಗಳನ್ನು ಅವರು ಮುಟ್ಟುತ್ತಿರಲಿಲ್ಲ, ಸುರಕ್ಷಿತವಾದವಕ್ಕೆ ಮಾತ್ರ ಮಾಡಿಕೊಡುತ್ತಿದ್ದರು.

ಹೊಸೂರು ಗಡಿ

ರೆಕಾರ್ಡ್ ಮಾಡಿದ ಕಡತವನ್ನು ಟೇಪ್ ಕಡತವಾಗಿ ಪರಿವರ್ತಿಸಿ ‘ಓಪನ್ ಎಮ್‌ಎಸ್‌ಎಕ್ಸ್’ ಎಂಬ ಉಚಿತ ತಂತ್ರಾಂಶದಲ್ಲಿ ತೆರೆಯಬಹುದು. ಲ್ಯಾಪ್‌ಟಾಪಿನೊಳಗೆ ಹಳೆಯ ಯಂತ್ರವನ್ನೇ ಅನುಕರಿಸುತ್ತದೆ. ಏನಾಯಿತೆಂದು ತಿಳಿಸಿ.

ನೀರ್ಚಾಲಿನವ

ರಿಪೇರಿಯವರೇ, ಆ ತಂತಿ ಎಳೆದವರು ನಿಮ್ಮ ಗುರುಗಳೇ. ಬಸ್ ನಿಲ್ದಾಣದ ಹಿಂದಿನ ಮೊದಲ ಮಾಳಿಗೆಯ ಅಂಗಡಿ. ಮಾಸ್ಟ್ರೇ, ಬೀಗದ ಮಾತು ಒಪ್ಪಿದೆ. ನನಗಿದ್ದದ್ದು ಬೇಸರ ಮಾತ್ರವಲ್ಲ, ಬೀಗವಿಲ್ಲದ ಮನೆಯೂ ಹೌದು.

ನಿನ್ನೆ ಭಾನುವಾರ ಕ್ಯಾಸೆಟ್ಟನ್ನು ನೀವು ಹೇಳಿದಂತೆ ಶುಚಿ ಮಾಡಿಕೊಂಡು ನೆರೆಮನೆಗೆ ಹೋದೆ. ಇಚ್ಚ ತೀರಿಕೊಂಡು ಒಂಬತ್ತು ವರ್ಷವಾಯಿತು. ಇತ್ತಾತ ಮಗನ ಮನೆಯವರ ಜೊತೆ ಅಲ್ಲಿಯೇ ಇದ್ದಾರೆ. ಟೂ ಇನ್ ವನ್ನನ್ನು ಅವರು ಕಪಾಟಿನಿಂದ ತೆಗೆದುಕೊಟ್ಟರು. ಕುವೈತಿನಿಂದ ಬಂದ ಮಾತಿನ ಕ್ಯಾಸೆಟ್ಟುಗಳನ್ನು ಈಗಲೂ ಕೇಳುತ್ತಾರಂತೆ, ಹಾಗಾಗಿ ಅದು ನಡೆಯುವ ಸ್ಥಿತಿಯಲ್ಲಿತ್ತು.

ಕ್ಯಾಸೆಟ್ಟು ಆರಂಭವಾದದ್ದು ನಮ್ಮ ಅಜ್ಜನ ದನಿಯಿಂದ. ಅದು ಮೂಲತಃ ಮನೆಯಲ್ಲಿ ನಡೆದ ತಾಳಮದ್ದಳೆಯ, ಎಂದರೆ ವೇಷವಿಲ್ಲದೆ ಮಾತಿನಲ್ಲೇ ನಡೆಯುವ ಯಕ್ಷಗಾನದ ಕ್ಯಾಸೆಟ್ಟು. ಅಜ್ಜನದು ಕರ್ಣನ ಅರ್ಥ, ಎಂದರೆ ಕರ್ಣನ ಪಾತ್ರದ ಮಾತು. ಖಾಲಿ ಕ್ಯಾಸೆಟ್ಟಿಗೆ ದುಡ್ಡಿಲ್ಲದೆ ಅದರ ಮೇಲೆಯೇ ನಾನು ಪ್ರೋಗ್ರಾಮ್ ಉಳಿಸಿದ್ದೆ. ತನ್ನ ಹುಟ್ಟಿನ ಗುಟ್ಟು ಈಗೇಕೆ ಹೇಳಿದೆ ಎಂದು ಕರ್ಣ ಕೇಳಿ ಮುಗಿಸುತ್ತಾನೆ. ಕೃಷ್ಣನ ಉತ್ತರ ಬರಬೇಕಾದಲ್ಲಿ ಕಂಪ್ಯೂಟರಿನ ಕೀರಲು ಸದ್ದು. ಅಂದು ಇದನ್ನು ಕೇಳಿದ ಅಜ್ಜ, ಕೃಷ್ಣ ಇಷ್ಟು ಕೆಟ್ಟದಾಗಿ ಅರ್ಥ ಹೇಳಿದ್ದನ್ನು ತಾನೆಂದೂ ಕೇಳಿರಲಿಲ್ಲ ಎಂದಿದ್ದರು.

ಮೊದಲ ಪ್ರತಿ ಓಡುತ್ತಿರುವಾಗ, ಕುರ್ಚಿಯಲ್ಲಿ ಕುಳಿತಿದ್ದ ಇತ್ತಾತ ಕಿವಿಗೊಟ್ಟು ಕೇಳಿ, “ಇದು ಬರುವುದಿಲ್ಲ” ಎಂದರು. ಬರಲಿಲ್ಲ. ಅದೃಷ್ಟಕ್ಕೆ ಅಂದಿನ ಅಭ್ಯಾಸದಂತೆ ಎರಡು ಸಲ ಉಳಿಸಿದ್ದೆ. ಅವರೇ ಎದ್ದು ಬಂದು ಗುಂಡಿಯನ್ನು ಒಂದಿಷ್ಟು ತಿರುಗಿಸಿ, ನೀನು ಕೆಂಪು ಬೊಟ್ಟನ್ನು ಏಳರ ಕೆಳಗೆ ಇಟ್ಟಿದ್ದೀ ಎಂದು ಗದರಿಸಿದರು. ಎರಡನೆಯ ಪ್ರತಿ ಕೊನೆಯವರೆಗೂ ಓಡಿತು.

ಲ್ಯಾಪ್‌ಟಾಪಿನಲ್ಲಿ ತೆರೆದಾಗ ಅಕ್ಷರಗಳು ಒಂದೊಂದಾಗಿ ಬದಲಾದವು, ಇಂಗ್ಲಿಷಿನ ‘ಎ’ ಇದ್ದಲ್ಲಿ ‘ಅ’ ಬಂತು. ಅಡಿಕೆ, ಕೂಲಿ, ಸಾಲ, ಬಾಕಿ. ‘ಕೂ’ ಅಕ್ಷರದ ಬಾಲ ಪಕ್ಕದ ಚೌಕಕ್ಕೆ ಹೋಗಲಾರದೆ ಮುರಿದಿದೆ. ಸಾಲದ ಸಾಲಿನಲ್ಲಿ ‘ಇಚ್ಚ’ ಎಂದು ಬರೆಯಲು ಹೋಗಿ, ಅದೂ ಆಗದೆ, ‘ಇಚ’ ಎಂದು ಬರೆದಿದ್ದೇನೆ, ಮುಂದೆ 1500. ಯಂತ್ರದ ಬೆಲೆಯನ್ನು ತಂದೆ ಎರಡು ಕಂತುಗಳಲ್ಲಿ ಕೊಟ್ಟಿದ್ದರೆಂಬುದು ನನಗೆ ಮರೆತೇಹೋಗಿತ್ತು. ಇತ್ತಾತನಿಗೆ ಕನ್ನಡ ಓದಲು ಬಾರದು, ಅದೇನೆಂದು ಕೇಳಿದರು, ಹೇಳಿದೆ. ಅದು ಸಂದಾಯವಾಗಿದೆ, ತನಗೆ ಚೆನ್ನಾಗಿ ನೆನಪಿದೆ, ಅಳಿಸಿಬಿಡು ಎಂದರು.

ರಿಪೇರಿಯವರೇ, ಬುಧವಾರ ಕಂಪ್ಯೂಟರಿನ ಜೊತೆಗೆ ಟೂ ಇನ್ ವನ್ನನ್ನೂ ತರುತ್ತೇನೆ, ಅದರ ಬೆಲ್ಟ್ ಸಡಿಲವಾಗಿದೆ. ಒಂದೇ ಕೋರಿಕೆ: ಸ್ಪಿರಿಟ್ ಹಚ್ಚಿ ಒರೆಸುವಾಗ ಶಬ್ದದ ಗುಂಡಿಯ ಮೇಲಿರುವ ಕೆಂಪು ಬೊಟ್ಟನ್ನು ಮುಟ್ಟಬೇಡಿ.